ಗಾಡಿ ಕೈಕೊಟ್ಟಾಗ: ಹವ್ಯಾಸಿಗಳ ಟ್ರ್ಯಾಕ್ ಡೇ

ಟ್ರ್ಯಾಕ್ ಡೇ ರೇಸ್ ಅಲ್ಲ. ರೇಸಿಗೆಂದೇ ಕಟ್ಟಿದ ರಸ್ತೆಯನ್ನು ಒಂದೆರಡು ದಿನದ ಮಟ್ಟಿಗೆ ಗೊತ್ತು ಮಾಡಿಕೊಂಡು, ಸ್ವಂತ ಬೈಕೋ ಕಾರೋ ಇರುವ ಸಾಮಾನ್ಯ ಸವಾರರಿಂದ ಶುಲ್ಕ ಪಡೆದು ಅವರಿಗೆ ಬಿಟ್ಟುಕೊಡುವ ಏರ್ಪಾಡಿಗೆ ಆ ಹೆಸರು. ಇಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಎಂಬ ಪಟ್ಟಿ ಇಲ್ಲ, ಪದಕವೂ ಇಲ್ಲ. ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಹಂಪು ಗುಂಡಿಗಳಿಲ್ಲ. ಹೊಸಬರು, ಸ್ವಲ್ಪ ಪಳಗಿದವರು, ವೇಗದವರು ಎಂದು ಗುಂಪು ಮಾಡಿ, ಒಂದೊಂದು ಗುಂಪನ್ನು ಹದಿನೈದು ಇಪ್ಪತ್ತು ನಿಮಿಷದ ಸರದಿಯಲ್ಲಿ ಒಳಗೆ ಬಿಡುತ್ತಾರೆ. ಆ ಸರದಿಗೆ ಸೆಷನ್ ಎನ್ನುವುದು ವಾಡಿಕೆ. ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರ ಸಂಜೆಗೆ ಮುಗಿಯುವ ಈ ಎರಡು ದಿನಗಳಲ್ಲಿ ಸವಾರ ಏನು ಕಲಿತ ಎಂಬುದರ ಬಗ್ಗೆ ಬೇಕಾದಷ್ಟು ಮಾತು ನಡೆಯುತ್ತದೆ. ಗಾಡಿಗೆ ಏನಾಯಿತು ಎಂಬ ಮಾತು ಬರುವುದು ಅದು ಕೆಟ್ಟು ನಿಂತಾಗ ಮಾತ್ರ. ಈ ಪದ್ಧತಿಗೆ ಬೆಲೆ ಕಟ್ಟಬೇಕಾದರೆ ನೋಡಬೇಕಾದ ಜಾಗ ಅದೇ.

ದಕ್ಷಿಣ ಭಾರತದಲ್ಲಿ ಇದರ ಮುಖ್ಯ ನೆಲೆ ಚೆನ್ನೈ ಹೊರವಲಯದ ಶ್ರೀಪೆರಂಬದೂರಿನ ಬಳಿ, ಇರುಂಗಾಟ್ಟುಕೋಟ್ಟೈಯಲ್ಲಿದೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕಿಗೆ ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ಹೆಸರಿದೆ. ಉದ್ದ 3.717 ಕಿ.ಮೀ., ತಿರುವುಗಳು 12. ಕೊಯಮತ್ತೂರಿನ ಹತ್ತಿರ 2003ರಲ್ಲಿ ಶುರುವಾದ ಕರಿ ಮೋಟರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು. ಭಾರತದಲ್ಲಿ ಫಾರ್ಮುಲಾ ಮಾರುತಿ ಕಾರನ್ನು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕಿದೆ. ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಬುದ್ಧ್ ಸರ್ಕ್ಯೂಟ್ 5.125 ಕಿ.ಮೀ. ಇದೆ. ಬೆಂಗಳೂರಿನ ಸವಾರರಿಗೆ ಒಗ್ಗಿರುವುದು ಚೆನ್ನೈ ಟ್ರ್ಯಾಕೇ. ಹೊಸೂರು, ಕೃಷ್ಣಗಿರಿ, ವೆಲ್ಲೂರು, ರಾಣಿಪೇಟೆ ದಾಟಿ ಸುಮಾರು 300 ಕಿ.ಮೀ. ಹೋದರೆ ಹೆದ್ದಾರಿಯ ಪಕ್ಕದಲ್ಲೇ ಅದು ಸಿಗುತ್ತದೆ. ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹೊರಟವರು ಶನಿವಾರ ನಸುಕಿಗೆ ಅಲ್ಲಿರುತ್ತಾರೆ.

ಈ ಟ್ರ್ಯಾಕಿಗೆ ಮುಂಚೆ ಮದ್ರಾಸಿನ ರೇಸುಗಳು ನಡೆಯುತ್ತಿದ್ದದ್ದು ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯ ಮೇಲೆ. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ, ಫೈಬರ್‌ಗ್ಲಾಸ್ ಮೈಯ, 848 ಸಿಸಿ ಇಂಜಿನ್ನಿನ ಸಿಪಾನಿ ಡಾಲ್ಫಿನ್ ಎಂಬ ಪುಟ್ಟ ಕಾರು 1980ರ ದಶಕದಲ್ಲಿ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳನ್ನು ಬಿಚ್ಚಿ, ಅರದಿಂದ ಇಂಜಿನ್ನಿನ ಪೋರ್ಟ್ ತಿದ್ದಿ ಓಡಿಸುವ ಹುಚ್ಚು ಆಗಿನ ಗ್ಯಾರೇಜುಗಳಲ್ಲಿತ್ತು. ಆ ಕಾಲದ ಹವ್ಯಾಸಿಗೆ ಗಾಡಿ ಓಡಿಸುವುದೂ ಬಿಚ್ಚುವುದೂ ಒಂದೇ ಹವ್ಯಾಸವಾಗಿತ್ತು. ಈಗ ಅವೆರಡೂ ಬೇರೆಯಾಗಿವೆ. ಷೋರೂಮಿನಿಂದ ಬಂದ ಗಾಡಿಯೇ ಟ್ರ್ಯಾಕಿನಲ್ಲಿ 140, 150 ಕಿ.ಮೀ. ವೇಗ ಕೊಡುವಾಗ ಅದರ ಒಳಗನ್ನು ನೋಡುವ ಅಗತ್ಯವೇ ಕಾಣುವುದಿಲ್ಲ. ಇಂದಿನ ಟ್ರ್ಯಾಕ್ ಡೇಯ ತೊಂದರೆಗಳಲ್ಲಿ ಅರ್ಧದಷ್ಟಕ್ಕೆ ಬೇರು ಇಲ್ಲಿದೆ.

ಸಿದ್ಧತೆಯ ವಿಷಯದಲ್ಲಿ ಹವ್ಯಾಸಿಗಳ ಖರ್ಚಿನ ಕ್ರಮವನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ನೆನಪಾಗದೆ ಇರದು. ಮೊದಲು ಬರುವುದು ಸದ್ದು ಮಾಡುವ ಸೈಲೆನ್ಸರ್, ಆಮೇಲೆ ಸ್ಟಿಕ್ಕರ್, ಆಮೇಲೆ ಅಂಟುವ ಟೈರು. ಎರಡು ವರ್ಷದ ಹಿಂದೆ ಹಾಕಿದ ಬ್ರೇಕ್ ಆಯಿಲ್ ಹಾಗೆಯೇ ಇರುತ್ತದೆ. ಅಂಟುವ ಟೈರು ಒಳ್ಳೆಯದೇ, ಆದರೆ ಅದು ಬ್ರೇಕನ್ನು ಇನ್ನೂ ತಡವಾಗಿ, ಇನ್ನೂ ಬಲವಾಗಿ ಹಿಡಿಯುವ ಧೈರ್ಯ ಕೊಡುತ್ತದೆ. ಟೈರಿಗೆ ಖರ್ಚು ಮಾಡಿ ಬ್ರೇಕಿಗೆ ಮಾಡದವರು ಗಾಡಿಯನ್ನು ಮೊದಲಿಗಿಂತ ಅಪಾಯಕ್ಕೆ ಒಡ್ಡಿರುತ್ತಾರೆ.

ಬೆಳಿಗ್ಗೆ ಗಾಡಿ ತಪಾಸಣೆ ಇರುತ್ತದೆ. ಕನ್ನಡಿ ಬಿಚ್ಚಿದೆಯೇ, ಹೆಡ್‌ಲೈಟಿಗೆ ಟೇಪು ಅಂಟಿಸಿದೆಯೇ, ಬ್ರೇಕ್ ಪ್ಯಾಡ್ ಉಳಿದಿದೆಯೇ, ಎಲ್ಲಾದರೂ ಆಯಿಲ್ ಜಿನುಗುತ್ತಿದೆಯೇ, ಆ್ಯಕ್ಸಿಲರೇಟರ್ ಬಿಟ್ಟೊಡನೆ ಹಿಂದಕ್ಕೆ ಬರುತ್ತದೆಯೇ ಎಂದು ನೋಡುತ್ತಾರೆ. ಅನೇಕ ಕಡೆ ಬೈಕುಗಳ ರೇಡಿಯೇಟರಿನಿಂದ ಗ್ಲೈಕಾಲ್ ಇರುವ ಕೂಲೆಂಟನ್ನು ತೆಗೆದು ಬರೀ ಡಿಸ್ಟಿಲ್ಡ್ ವಾಟರ್ ತುಂಬಿಸುತ್ತಾರೆ, ಏಕೆಂದರೆ ಗ್ಲೈಕಾಲ್ ರಸ್ತೆಗೆ ಚೆಲ್ಲಿದರೆ ಬೇಗ ಆರದೆ ಎಣ್ಣೆಯಂತೆ ಜಾರುತ್ತದೆ. ಈ ತಪಾಸಣೆ ಬೇಕಾದದ್ದೇ. ಆದರೆ ಅದು ಕಣ್ಣಿಗೆ ಬೀಳುವುದನ್ನಷ್ಟೇ ಹಿಡಿಯಬಲ್ಲದು. ಬ್ರೇಕ್ ಆಯಿಲ್ ಹೀರಿಕೊಂಡಿರುವ ನೀರು ಕಣ್ಣಿಗೆ ಬೀಳುವಂಥದ್ದಲ್ಲ.

ಬ್ರೇಕಿನ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸವಾರನೂ ಸೇರಿ 250 ಕಿಲೋ ತೂಗುವ ಬೈಕು ಗಂಟೆಗೆ 140 ಕಿ.ಮೀ. ವೇಗದಿಂದ 70ಕ್ಕೆ ಇಳಿಯುವಾಗ ಕಳೆದುಕೊಳ್ಳುವ ಶಕ್ತಿ ಸುಮಾರು 1.4 ಲಕ್ಷ ಜೂಲ್. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದಷ್ಟು ಶಾಖ. ಗಾಳಿಯ ತಡೆಗೆ ಸ್ವಲ್ಪ ಹೋದರೂ ಉಳಿದದ್ದರಲ್ಲಿ ದೊಡ್ಡ ಪಾಲು ಕೆಲವೇ ಸೆಕೆಂಡುಗಳಲ್ಲಿ ಮುಂದಿನ ಚಕ್ರದ ಡಿಸ್ಕಿಗೆ ಇಳಿಯುತ್ತದೆ. ಸಾವಿರ ಕಿಲೋ ತೂಗುವ ಕಾರಾದರೆ ಇದರ ನಾಲ್ಕು ಪಟ್ಟು. ಊರಿನ ರಸ್ತೆಯಲ್ಲಿ ಇಂಥ ಒಂದು ಬ್ರೇಕಿನ ನಂತರ ಡಿಸ್ಕಿಗೆ ಆರಲು ಬೇಕಾದಷ್ಟು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ ಮುಂದಿನ ತಿರುವು ಕೆಲವೇ ಸೆಕೆಂಡು ದೂರ. ಒಂದು ಸುತ್ತಿಗೆ ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುವ ಹವ್ಯಾಸಿ ಹದಿನೈದು ನಿಮಿಷದ ಸೆಷನ್ನಿನಲ್ಲಿ ಸುಮಾರು ಆರು ಸುತ್ತು ಹೊಡೆಯುತ್ತಾನೆ, ಅಂದರೆ 72 ತಿರುವು, 22 ಕಿ.ಮೀ. ಬೆಂಗಳೂರಿನಿಂದ ಬಂದ 300 ಕಿ.ಮೀ. ಉದ್ದಕ್ಕೂ ಬ್ರೇಕು ಪಡದ ಪಾಡನ್ನು ಈ 22 ಕಿ.ಮೀ.ನಲ್ಲಿ ಪಡುತ್ತದೆ.

ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಏರುತ್ತದೆ. ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವ ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರುವ ದ್ರವ. ಶೇ. 3.7ರಷ್ಟು ನೀರು ಸೇರಿದ ಆಯಿಲಿಗೆ ಅದೇ ದರ್ಜೆಯಲ್ಲಿ ನಿಗದಿಯಾದ ಕನಿಷ್ಠ ಕುದಿಯುವ ಮಟ್ಟ 155 ಡಿಗ್ರಿ. ಡಾಟ್ 3 ಆದರೆ 205ರಿಂದ 140ಕ್ಕೆ ಇಳಿಯುತ್ತದೆ, ಡಾಟ್ 5.1 ಆದರೆ 260ರಿಂದ 180ಕ್ಕೆ. ಹಳೆಯ ಆಯಿಲ್ ಊರಿನಲ್ಲಿ ಯಾವ ತೊಂದರೆಯನ್ನೂ ಕೊಡದೆ, ಟ್ರ್ಯಾಕಿನಲ್ಲಿ ಮೂರನೆಯ ಸೆಷನ್ನಿಗೆ ಕೈಕೊಡುವುದರ ಗುಟ್ಟು ಇದು. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಸವಾರನ ಬೆರಳಿನ ಬಲವೆಲ್ಲ ಆ ಗುಳ್ಳೆಯನ್ನು ಹಿಚುಕುವುದಕ್ಕೇ ಮುಗಿದುಹೋಗಿ ಪ್ಯಾಡಿಗೆ ತಲುಪುವುದಿಲ್ಲ. ಬೆಳಿಗ್ಗೆ ಎರಡು ಬೆರಳಿಗೆ ಗಟ್ಟಿಯಾಗಿ ಸಿಗುತ್ತಿದ್ದ ಲಿವರ್ ಮಧ್ಯಾಹ್ನ ಒತ್ತಿದಷ್ಟೂ ಒಳಗೆ ಹೋಗಿ ಹ್ಯಾಂಡಲ್ ಹಿಡಿಗೆ ತಾಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ 'ಲಿವರ್ ಕೈಗೆ ಬಂತು' ಎನ್ನುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಹವ್ಯಾಸಿಗಳು ತಿಳಿದಿರಲೇಬೇಕು. ಲಿವರ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲುತ್ತಿಲ್ಲವಾದರೆ ತಪ್ಪು ಪ್ಯಾಡಿನದು: ಅದರ ವಸ್ತು ತಾಳುವ ಮಿತಿಯನ್ನು ಬಿಸಿ ಮೀರಿದೆ. ಲಿವರ್ ಮೆತ್ತಗಾದರೆ ತಪ್ಪು ಆಯಿಲಿನದು. ಪ್ಯಾಡ್ ಆರಿದ ಮೇಲೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಒಮ್ಮೆ ಕುದಿದ ಆಯಿಲನ್ನು ನಂಬುವಂತಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿ, ಲಿವರ್ ಸರಿಯಾಗಿದೆ ಎಂದು ಮತ್ತೆ ಒಳಗೆ ಹೋಗುವುದು ಈ ವಾರಾಂತ್ಯಗಳಲ್ಲಿ ನಡೆಯುವ ತಪ್ಪುಗಳಲ್ಲೆಲ್ಲ ದೊಡ್ಡದು.

ಪರಿಹಾರವೇನೂ ಕಷ್ಟದ್ದಲ್ಲ. ಕ್ಯಾಲಿಪರಿನ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯೊಳಕ್ಕೆ ಇಳಿಬಿಡಬೇಕು. ಒಬ್ಬರು ಲಿವರ್ ಒತ್ತಿ ಹಿಡಿದಾಗ ಇನ್ನೊಬ್ಬರು ಸ್ಪ್ಯಾನರಿನಿಂದ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ಮೊದಲು ಕಷಾಯದ ಬಣ್ಣದ ಹಳೆಯ ಆಯಿಲ್ ಬರುತ್ತದೆ, ಅದರ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಪೈಪಿನಲ್ಲಿ ಸಾಲಾಗಿ ಹೋಗುತ್ತವೆ. ಲಿವರ್ ಬಿಡುವ ಮುಂಚೆ ನಿಪ್ಪಲ್ ಬಿಗಿದಿರಬೇಕು, ಇಲ್ಲವಾದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಮೇಲಿನ ಡಬ್ಬಿಯ ತಳ ಕಾಣುವ ಮುಂಚೆ ಹೊಸ ಆಯಿಲ್ ಸುರಿಯುತ್ತಿರಬೇಕು. ಒತ್ತುವುದು, ಸಡಿಲಿಸುವುದು, ಬಿಗಿಯುವುದು, ಬಿಡುವುದು. ಹೀಗೆ ಇಪ್ಪತ್ತು ಮೂವತ್ತು ಸಲ ಮಾಡಿದ ಮೇಲೆ ಪೈಪಿನಲ್ಲಿ ತಿಳಿ ಜೇನಿನ ಬಣ್ಣ ಕಾಣುತ್ತದೆ, ಗುಳ್ಳೆ ನಿಲ್ಲುತ್ತದೆ, ಲಿವರ್ ಕಲ್ಲಿನಂತಾಗುತ್ತದೆ. ಸೀಲು ಒಡೆಯದ ಬಾಟಲಿಯ ಆಯಿಲನ್ನೇ ಹಾಕಬೇಕು. ಹೋದ ವರ್ಷ ಅರ್ಧ ಬಳಸಿ ಮುಚ್ಚಿಟ್ಟ ಬಾಟಲಿ ಅಷ್ಟೂ ದಿನ ತೇವ ಕುಡಿದಿರುತ್ತದೆ. ಈ ಕೆಲಸಕ್ಕೆ ಒಂದು ಗಂಟೆಯೂ ಬೇಡ, ಸೈಲೆನ್ಸರಿಗೆ ಕೊಟ್ಟ ಹಣದಲ್ಲಿ ಚಿಕ್ಕದೊಂದು ಪಾಲು ಸಾಕು. ಪೆನ್ನಿನ ಗಾತ್ರದ, ಆಯಿಲಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಸಾಧನಗಳೂ ಮಾರುಕಟ್ಟೆಯಲ್ಲಿವೆ. ತಪಾಸಣೆಯ ಮೇಜಿನ ಮೇಲೆ ಅಂಥದೊಂದನ್ನು ಇಡುವುದು ಸಂಘಟಕರಿಗೆ ಭಾರವಾಗಲಾರದು.

ಸೆಷನ್ ಮುಗಿಸುವ ರೀತಿಯೂ ಬ್ರೇಕನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ. ಓಡುತ್ತಿರುವಾಗ ಗಾಳಿ ಡಿಸ್ಕನ್ನು ತಣಿಸುತ್ತಿರುತ್ತದೆ. ಗಾಡಿ ನಿಂತೊಡನೆ ಗಾಳಿಯೂ ನಿಂತು, ಡಿಸ್ಕಿನ ಬಿಸಿಯೆಲ್ಲ ಕ್ಯಾಲಿಪರಿಗೆ ಏರುತ್ತದೆ; ಆಯಿಲ್ ಕುದಿಯುವುದು ಎಷ್ಟೋ ಸಲ ಆಗ. ಅದಕ್ಕೇ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಬೇಕು. ಕಾರಿನವರು ಗಾಡಿ ನಿಲ್ಲಿಸುವ ಪ್ಯಾಡಾಕಿಗೆ ಬಂದು ಅಭ್ಯಾಸಬಲದಿಂದ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು.

ಬ್ರೇಕಿನ ನಂತರ ಕೈಕೊಡುವುದು ಇಂಜಿನ್. ಚೆನ್ನೈ ಬಿಸಿಲಿನಲ್ಲಿ ರೇಡಿಯೇಟರಿಗೆ ತಗಲುವ ಗಾಳಿಯೇ ಬಿಸಿಯಾಗಿರುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಉಳಿಸಿಕೊಳ್ಳುವುದರಿಂದಲೇ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಹಳತಾಗಿದ್ದರೆ ಆ ಆಸರೆ ಹೋಯಿತು. ದೊಡ್ಡ ಇಂಜಿನ್ನಿನ ಗಾಡಿ ಬಿಸಿಯೇರಿದ ಎಷ್ಟೋ ಸಂದರ್ಭಗಳಲ್ಲಿ ಕಾರಣ ಇಂಥ ಚಿಕ್ಕ ಮುಚ್ಚಳವೋ, ರೇಡಿಯೇಟರಿನ ಕಿಂಡಿಗಳಲ್ಲಿ ಕೂತ ಹೆದ್ದಾರಿಯ ಹುಳುಗಳೋ ಆಗಿರುತ್ತವೆ. 1985ರಿಂದ 1996ರವರೆಗೆ ತಯಾರಾದ, ಕರ್ನಾಟಕದ ಹುಡುಗರು ಇಂದಿಗೂ ಪ್ರಾಣದಂತೆ ಸಾಕುವ ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಗಳ ಕತೆ ಬೇರೆ. ಅವುಗಳ ಇಂಜಿನ್ನಿಗೆ ಎಣ್ಣೆ ಹೋಗುವುದು ಒಳಗೆ ಹೋಗುವ ಪೆಟ್ರೋಲು, ಗಾಳಿಯ ಜೊತೆಗೇ. ಉದ್ದನೆಯ ನೇರ ದಾರಿಯ ತುದಿಯಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಂಜಿನ್ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ತೀರ ಕಡಿಮೆಯಾಗಿರುತ್ತದೆ. ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನ ಚಕ್ರ ಬಿಗಿದು ನಿಲ್ಲುತ್ತದೆ. ಹಳೆಯ ಸವಾರರು ಒಂದು ಬೆರಳನ್ನು ಸದಾ ಕ್ಲಚ್ ಮೇಲೆ ಇಟ್ಟುಕೊಂಡಿರುತ್ತಿದ್ದದ್ದು ಇದಕ್ಕೇ. ಇಂಜಿನ್ ಜಾಮ್ ಆದ ಕ್ಷಣದಲ್ಲಿ ಆ ಬೆರಳೊಂದೇ ಕಾಪಾಡಬಲ್ಲದು.

ಕಾರುಗಳಲ್ಲಿ ಕಾಡುವ ದೋಷ ಇನ್ನೊಂದಿದೆ. ಇಂಜಿನ್ನಿನ ತಳದ ತೊಟ್ಟಿಯಲ್ಲಿರುವ ಆಯಿಲ್ ಉದ್ದನೆಯ ತಿರುವಿನಲ್ಲಿ ಒಂದು ಬದಿಗೆ ವಾಲುತ್ತದೆ. ಪಂಪಿನ ಬಾಯಿ ಆಗ ಬರಿದಾಗಿ ಗಾಳಿ ಎಳೆಯುತ್ತದೆ. ಬೈಕು ತಿರುವಿನಲ್ಲಿ ತಾನೇ ವಾಲುವುದರಿಂದ ಅದರ ಆಯಿಲ್ ಬಹುಮಟ್ಟಿಗೆ ಜಾಗದಲ್ಲೇ ಉಳಿಯುತ್ತದೆ. ಕಾರಿಗೆ ಆ ಅನುಕೂಲವಿಲ್ಲ. ಒಂದೆರಡು ಸೆಕೆಂಡು ಆಯಿಲ್ ದೀಪ ಮಿಣುಕಿ ಆರಿದ್ದನ್ನು ನೋಡಿಯೂ ಓಡಿಸಿದವರ ಇಂಜಿನ್ನಿನಿಂದ ಸ್ವಲ್ಪ ಹೊತ್ತಿಗೆ ಟಕಟಕ ಸದ್ದು ಬರುತ್ತದೆ. ಬೇರಿಂಗ್ ಹೋಗಿರುತ್ತದೆ, ಇಂಜಿನ್ ಬಿಚ್ಚದೆ ದಾರಿಯಿಲ್ಲ. ಪ್ರತಿ ಸೆಷನ್ನಿಗೆ ಮುಂಚೆ ಕಡ್ಡಿ ಎಳೆದು, ಆಯಿಲ್ ಮೇಲಿನ ಗೆರೆಯ ಮಟ್ಟದಲ್ಲಿದೆಯೇ ಎಂದು ನೋಡುವ ಅರ್ಧ ನಿಮಿಷದ ಅಭ್ಯಾಸ ಇದನ್ನು ಬಹಳಷ್ಟು ತಪ್ಪಿಸುತ್ತದೆ.

ಟೈರು ಮತ್ತು ಚೈನಿನ ವಿಷಯ ಇಷ್ಟು ಕಠಿಣವಲ್ಲ. ಮೂವತ್ತು ಡಿಗ್ರಿಯಲ್ಲಿ 30 ಪಿಎಸ್‌ಐ ಗಾಳಿ ಹಿಡಿದ ಟೈರು ಎಂಬತ್ತು ಡಿಗ್ರಿಗೆ ಕಾದಾಗ 37ಕ್ಕೆ ಏರುತ್ತದೆ, ರಸ್ತೆಯನ್ನು ಮುಟ್ಟುವ ಭಾಗ ಕಿರಿದಾಗುತ್ತದೆ. ಮಧ್ಯಾಹ್ನ ಗಾಡಿ ಜಾರುತ್ತಿದೆ ಎಂದು ಸಸ್ಪೆನ್ಷನ್ನಿಗೆ ಕೈಹಾಕುವವರು ಮೊದಲು ಗಾಳಿ ಅಳೆಯಬೇಕು. ಚೈನನ್ನು ಕಂಪನಿ ಹೇಳಿದಷ್ಟೇ ಸಡಿಲ ಬಿಡಬೇಕು. ತೀರ ಬಿಗಿದರೆ ಗೇರ್‌ಬಾಕ್ಸಿನ ಬೇರಿಂಗ್ ಸವೆಯುತ್ತದೆ, ತೀರ ಸಡಿಲವಾದರೆ ಕಳಚಿ ಬೀಳುತ್ತದೆ.

ಇನ್ನು ನಿಲ್ಲಿಸುವ ವಿದ್ಯೆ. ಟ್ರ್ಯಾಕಿನ ಬಾವುಟಗಳಲ್ಲಿ ಹಳದಿ ಎಂದರೆ ಮುಂದೆ ಅಪಾಯ, ಹಿಂದಿಕ್ಕಬೇಡಿ. ಕೆಂಪು ಎಂದರೆ ಸೆಷನ್ ನಿಂತಿದೆ. ಹಳದಿಯ ಮೇಲೆ ಕೆಂಪು ಪಟ್ಟೆ ಎಂದರೆ ರಸ್ತೆ ಜಾರುತ್ತಿದೆ. ಇವು ಎಲ್ಲರಿಗೂ ಬಾಯಿಪಾಠ. ನಡುವೆ ಕಿತ್ತಳೆ ಬಣ್ಣದ ಚಕ್ರವಿರುವ ಕಪ್ಪು ಬಾವುಟವನ್ನು, ಜೊತೆಗೆ ಗಾಡಿಯ ಸಂಖ್ಯೆಯನ್ನು ತೋರಿಸಿದರೆ ಅರ್ಥ ಒಂದೇ: ನಿನ್ನ ಗಾಡಿಯಲ್ಲಿ ದೋಷವಿದೆ, ಪಿಟ್ಟಿಗೆ ಬಾ. ಹವ್ಯಾಸಿಗಳ ವಾರಾಂತ್ಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಬಾವುಟ ಇದು, ಎಲ್ಲಕ್ಕಿಂತ ಕಡಿಮೆ ಪರಿಚಿತವಾದದ್ದೂ ಇದೇ. ಸವಾರನ ಬೆನ್ನ ಹಿಂದೆ ತೊಟ್ಟಿಕ್ಕುವ ಆಯಿಲ್ ಅವನಿಗೆ ಕಾಣುವುದಿಲ್ಲ, ಬಾವುಟ ಹಿಡಿದು ತಿರುವಿನಲ್ಲಿ ನಿಂತ ಮಾರ್ಷಲ್‌ಗೆ ಕಾಣುತ್ತದೆ. ಬಾವುಟ ನೋಡಿಯೂ ಇನ್ನೊಂದು ಸುತ್ತು ಎಂದು ಹೋದರೆ ಆ ಆಯಿಲ್ ಇಡೀ ಟ್ರ್ಯಾಕಿಗೆ ಬಳಿದುಹೋಗಿ, ಹಿಂದೆ ಬರುವ, ಏನೂ ತಪ್ಪು ಮಾಡದ ಸವಾರ ಬೀಳುತ್ತಾನೆ. ಸೆಷನ್ ನಿಲ್ಲಿಸಿ, ಪುಡಿ ಸುರಿದು, ಗುಡಿಸಿ ಮುಗಿಸುವಷ್ಟರಲ್ಲಿ ಎಲ್ಲರ ಸರದಿಯೂ ಹಾಳಾಗುತ್ತದೆ. ಶುಲ್ಕ ಕಟ್ಟಿದ್ದೇನೆ, ಪೂರ್ತಿ ಓಡಿಸುತ್ತೇನೆ ಎಂಬ ಹಠಕ್ಕೆ ಇಲ್ಲಿ ಸ್ಥಳವಿಲ್ಲ.

ಒಟ್ಟಾರೆ ಈ ಪದ್ಧತಿ ಒಳ್ಳೆಯದೇ ಎಂದು ನಿಸ್ಸಂಕೋಚವಾಗಿ ಹೇಳಬೇಕು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲಿ ವೇಗದ ಹುಚ್ಚು ತೀರಿಸಿಕೊಳ್ಳುವವರ ಎದುರಿಗೆ ಹೂವಿನ ಮೂಟೆ ಹೊತ್ತ ಟೆಂಪೊಗಳಿರುತ್ತವೆ, ಊರಿನ ಮಕ್ಕಳಿರುತ್ತಾರೆ. ಆ ಹುಚ್ಚು ಟ್ರ್ಯಾಕಿಗೆ ಹೋಗುವುದೇ ಕ್ಷೇಮ. ಸವಾರಿಯ ಪಾಠದಲ್ಲೂ ಇಲ್ಲಿ ಗುಣಮಟ್ಟವಿದೆ. ಕೀತ್ ಕೋಡ್ 1980ರಲ್ಲಿ ಅಮೆರಿಕದಲ್ಲಿ ಕಟ್ಟಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಟ್ರ್ಯಾಕಿಗೂ ಬಂದು ಪಾಠ ಮಾಡಿದೆ. ಸೆಷನ್ನಿಗೊಂದು ಪಾಠ, ಸೆಷನ್ ಮುಗಿದೊಡನೆ ತರಗತಿ ಎಂಬ ಅದರ ಕ್ರಮ ಕಲಿಯುವವರಿಗೆ ಬಹಳ ಒಗ್ಗುತ್ತದೆ. ಕೊರತೆ ಇರುವುದು ಗಾಡಿಯ ಪಾಠದಲ್ಲಿ. ದೃಷ್ಟಿ ಎಲ್ಲಿಡಬೇಕು, ಮೈ ಹೇಗೆ ವಾಲಿಸಬೇಕು ಎಂದು ಹೇಳಿಕೊಡುವವರು ಇದ್ದಾರೆ. ಲಿವರ್ ಮೆತ್ತಗಾದರೆ ಏನು ಮಾಡಬೇಕು ಎಂದು ಅರ್ಧ ಗಂಟೆ ಕೂರಿಸಿ ಹೇಳುವ ತರಗತಿಯೂ ಆ ದಿನದ ಪಟ್ಟಿಯಲ್ಲಿ ಸೇರಬೇಕು.

ಇನ್ನೊಂದು ಕೊರತೆ ಮೇಸ್ತ್ರಿಯದು. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಸಾಮಾನು ಆರಿಸುವ, ಗಲ್ಲಿಯ ಗ್ಯಾರೇಜಿನಲ್ಲಿ ವರ್ಷವಿಡೀ ಆ ಗಾಡಿಯನ್ನು ಬಿಚ್ಚಿ ಕಟ್ಟುವ ಮನುಷ್ಯನಿಗೆ ಅದರ ಸದ್ದು ಗೊತ್ತು, ಯಾವ ಬೋಲ್ಟಿನ ತಿರುಪು ಸವೆದಿದೆ ಎಂಬುದೂ ಗೊತ್ತು. ಟ್ರ್ಯಾಕಿನಲ್ಲಿ ಗಾಡಿ ನರಳುವ ಹೊತ್ತಿಗೆ ಅವನು 300 ಕಿ.ಮೀ. ದೂರದಲ್ಲಿರುತ್ತಾನೆ, ಸದ್ದನ್ನು ಫೋನಿನಲ್ಲಿ ಕೇಳಿಸಿಕೊಂಡು ಊಹೆ ಮಾಡುತ್ತಾನೆ. ನಾಲ್ಕು ಗೆಳೆಯರು ಸೇರಿ ಒಬ್ಬ ಮೇಸ್ತ್ರಿಯ ಎರಡು ದಿನದ ಕೂಲಿ, ಊಟ, ವಸತಿ ಹಂಚಿಕೊಂಡರೆ ತಲೆಗೆ ಬೀಳುವ ಖರ್ಚು ದೊಡ್ಡದಲ್ಲ. ಅವನಿಗೂ ಅದು ಕಲಿಕೆ: ತಾನು ಬಿಗಿದ ಬೋಲ್ಟು ಅಷ್ಟು ವೇಗದಲ್ಲಿ ಹೇಗೆ ವರ್ತಿಸುತ್ತದೆ ಎಂದು ನೋಡುವ ಅವಕಾಶ ಗ್ಯಾರೇಜಿನಲ್ಲಿ ಸಿಗುವುದಿಲ್ಲ.

ಹಣದ ಮಾತು ಬಂದಾಗ ವಿಮೆಯ ವಿಷಯ ಹೇಳಲೇಬೇಕು. ಭಾರತದ ಸಾಮಾನ್ಯ ವಾಹನ ವಿಮೆ ರೇಸನ್ನೂ ವೇಗ ಪರೀಕ್ಷೆಯನ್ನೂ ಹೊರಗಿಡುತ್ತದೆ. ಟ್ರ್ಯಾಕಿನಲ್ಲಿ ಮುರಿದದ್ದಕ್ಕೆಲ್ಲ ಮಾಲೀಕರೇ ಹೊಣೆ ಎಂದುಕೊಂಡೇ ಹೊರಡುವುದು ಕ್ಷೇಮ.

ಭಾನುವಾರ ಸಂಜೆ ಕೊನೆಯ ಬಾವುಟ ಬಿದ್ದ ಮೇಲೆ ಕನ್ನಡಿಗಳನ್ನು ಮತ್ತೆ ಕಟ್ಟಿ, ಹೆಡ್‌ಲೈಟಿನ ಟೇಪು ಕಿತ್ತು, ಅದೇ ಗಾಡಿಯಲ್ಲಿ ಬೆಂಗಳೂರಿಗೆ ಹೊರಡುವುದು ರೂಢಿ. ಎರಡು ದಿನ ಕಾದು ಆರಿದ ಆಯಿಲ್, ತೆಳುವಾದ ಪ್ಯಾಡು, ಅಂಚು ಸವೆದ ಟೈರು, ದಣಿದ ಸವಾರ. ಮುಂದೆ ರಾತ್ರಿಯ ಹೆದ್ದಾರಿ, ಲಾರಿಗಳ ಸಾಲು. ಟ್ರ್ಯಾಕಿನಲ್ಲಿ ಬ್ರೇಕ್ ಕೈಕೊಟ್ಟರೆ ಬೀಳಲು ಮಣ್ಣಿನ ಬಯಲಿದೆ, ಪಕ್ಕದಲ್ಲೇ ಆಂಬುಲೆನ್ಸ್ ಇದೆ. ವೆಲ್ಲೂರು ದಾಟಿದ ಮೇಲೆ ಎರಡೂ ಇಲ್ಲ. ಹೊರಡುವ ಮುಂಚೆ ಲಿವರ್ ಒತ್ತಿ, ಪ್ಯಾಡ್ ನೋಡಿ, ಆಯಿಲ್ ಕಡ್ಡಿ ಎಳೆಯಿರಿ. ಎಳ್ಳಷ್ಟು ಸಂದೇಹ ಬಂದರೂ ಗಾಡಿಯನ್ನು ಟೆಂಪೊಗೆ ಏರಿಸಿ, ನೀವು ಬಸ್ಸು ಹತ್ತಿ.